ಬೆದರುವ ಕಡಸುಗಳನ್ನು ಕೈಗೆ ಒಗ್ಗಿಸುವ ಕ್ರಮ

ಹಸುಗಳನ್ನು ಸಾಕತಕ್ಕ ಪ್ರತಿಯೊಂದು ಮನೆಯಲ್ಲಿಯೂ ಒಂದಲ್ಲ ಒಂದು ವರ್ಷ ಕೈಗೆ ಬಾರದ ಕಡಸೊಂದು ಇದ್ದೇ ಇರುವುದು. ಹತ್ತಿರ ಹೋದರೆ ಹಗ್ಗ ಕಿತ್ತುಬರುವಂತೆ ಹಿಂದಕ್ಕೆ ಜಗ್ಗುವುದು, ಮೈಮೇಲೆ ಕೈಯಿಟ್ಟರೆ ಚರ್ಮವನ್ನು ನಡುಗಿಸಿ ಮಗ್ಗುಲಿಗೆ ಹಾರುವುದು, ಈದ ಮೇಲೆ ಕೆಚ್ಚಲನ್ನು ಮುಟ್ಟಗೊಡದೆ ಒದೆಯುವುದು, ಇವೇ ಅದರ ಲಕ್ಷಣಗಳು. ಇಂತಹ ಕಡಸನ್ನು ಮೊದಲು ಇಬ್ಬರು ಹಿಡಿದುಕೊಂಡು ಕರೆಯುವರು. ಆಮೇಲೆ ಹಿಂಗಾಲುಗಳನ್ನು ಕಟ್ಟಿ ಕರೆಯುವರು. ಅದಕ್ಕೂ ಬಗ್ಗದಿದ್ದರೆ ‘ಇದರ ಗುಣವೇ ಕೆಟ್ಟದ್ದು’ ಎಂದು ತೀರ್ಮಾನಿಸಿ, ಕೊಂಡ ಬೆಲೆಯ ಅರ್ಧಕ್ಕೆ ಸಂತೆಯಲ್ಲಿ ಮಾರಿಬಿಡುವರು. ಕೊಂಡವನ ಮನೆಯಲ್ಲಿಯೂ ಅದರ ಪಾಡು ಇದೇ. ಹೀಗೆ ಎರಡು ಮೂರು ಕೈ ಬದಲಾಯಿಸುವಷ್ಟರಲ್ಲಿ, ಒಳ್ಳೆಯ ತಳಿಯದೂ ಒಳ್ಳೆಯ ಕೆಚ್ಚಲಿನದೂ ಆದ ಹಸುವೊಂದು ಯಾರಿಗೂ ಬೇಡದ ದನವಾಗಿ ಹೋಗುವುದು.

ಮಿಶ್ರತಳಿಯ ಗಬ್ಬದ ಕಡಸಿಗೆ ಹತ್ತಾರು ಸಾವಿರ ರೂಪಾಯಿಗಳನ್ನು ತೆರಬೇಕಾಗಿರುವ ಈ ಕಾಲದಲ್ಲಿ ಇದು ಸಣ್ಣ ನಷ್ಟವಲ್ಲ. ನಾವು ಹಳ್ಳಿಗಳಲ್ಲಿ ಸಂಚರಿಸುವಾಗ ನೋಡಿರುವ ಮಟ್ಟಿಗೆ, ಇಂತಹ ಕಡಸುಗಳ ಪೈಕಿ ಹುಟ್ಟಿನಿಂದಲೇ ದುಷ್ಟವಾದುವು ತೀರ ವಿರಳ. ಉಳಿದುವೆಲ್ಲ ಮನುಷ್ಯನಿಗೆ ಹೆದರಿಕೊಂಡಿರತಕ್ಕವು. ಹೆದರಿದ ಪ್ರಾಣಿಯನ್ನು ಹೊಡೆದು ಧೈರ್ಯ ಕಲಿಸಿದವರನ್ನು ನಾವು ಈವರೆಗೆ ಕಂಡಿಲ್ಲ. ಹೆದರಿಕೆಯನ್ನು ಬಿಡಿಸತಕ್ಕ ಕ್ರಮವು ಬೇರೆ ಇದೆ. ಅದಕ್ಕೆ ಹಣದ ವೆಚ್ಚವಿಲ್ಲ. ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ಹತ್ತು ನಿಮಿಷಗಳಂತೆ ಮೂರು ನಾಲ್ಕು ವಾರಗಳ ಕಾಲ ಒಬ್ಬನೇ ಮನುಷ್ಯನು ತಾಳ್ಮೆಯಿಂದ ಕೆಲಸಮಾಡಿದರೆ ಸಾಕು.

ಮೊದಲು ಈ ಹೆದರಿಕೆಯ ಸ್ವರೂಪವನ್ನು ತಿಳಿಯುವುದು ಅವಶ್ಯಕ. ದನವು ಹುಲ್ಲು ತಿಂದು ಬದುಕತಕ್ಕ, ಬೇರೆ ಮೃಗಗಳಿಗೆ ಆಹಾರವಾಗತಕ್ಕ ಜಾತಿಗೆ ಸೇರಿದುದಷ್ಟೆ. ಅದರ ಕಣ್ಣು ಕಿವಿಗಳು ಆ ಜೀವನಕ್ಕೆ ತಕ್ಕಂತೆಯೇ ರಚಿತವಾಗಿವೆ. ಕಣ್ಣುಗಳು ತಲೆಯ ಎರಡು ಮಗ್ಗುಲುಗಳಲ್ಲಿರುವುದರಿಂದ, ತಲೆಯನ್ನು ತಿರುಗಿಸದೆಯೇ ಸುತ್ತಲಿನ 360 ಡಿಗ್ರಿಗಳಲ್ಲಿ ಸುಮಾರು 330 ಡಿಗ್ರಿಗಳಷ್ಟನ್ನು ಅದು ನೋಡಬಲ್ಲುದು. ನೇರವಾಗಿ ಬೆನ್ನ ಹಿಂದಿರುವ ಭಾಗ ಮಾತ್ರ ಕಾಣದು. ಆದರೆ ಎರಡು ಕಣ್ಣುಗಳೂ ಕೂಡಿ ನೋಡತಕ್ಕ ಭಾಗವು ಕಿರಿದಾದುದರಿಂದ, ವಸ್ತುವು ಎಷ್ಟು ದೂರದಲ್ಲಿದೆ, ಹಳ್ಳವು ಎಷ್ಟು ಆಳವಿದೆ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತಾಗದು. ದಾರಿಗೆ ಅಡ್ಡಲಾಗಿ ಬಿದ್ದ ನೆರಳಿಗೆ ಬೆಚ್ಚಿ ನಿಲ್ಲುವ ಎತ್ತನ್ನು ನೋಡದ ರೈತನುಂಟೆ? ಕಿವಿಯ ಸಂಗತಿ ಇನ್ನೂ ಸೂಕ್ಷ್ಮವಾದುದು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯು ಕೇಳಿಸಿದರೆ, ದನದ ಕಿವಿಗೆ ಸುಮಾರು 35,000 ಕಂಪನಗಳವರೆಗಿನ ಧ್ವನಿಯು ಕೇಳಿಸುವುದು. ಆದುದರಿಂದ ನಮಗೆ ಏನೂ ಅಲ್ಲವೆನಿಸುವ ಕಬ್ಬಿಣದ ಚಿಲಕದ ಕಿರುಗುಟ್ಟುವಿಕೆ, ತಗಡಿನ ಬಕೀಟಿನ ಸದ್ದು, ಹುಡುಗರ ಸಿಳ್ಳು, ಇವು ಅದರ ಕಿವಿಯನ್ನು ಚುಚ್ಚುವುವು.

ಬೇಟೆಗೆ ಗುರಿಯಾಗತಕ್ಕ ಸಣ್ಣ ಪ್ರಾಣಿಗಳ ಸ್ವಭಾವವೂ ಇಂತಹುದೇ. ಮನೆಯ ಮಕ್ಕಳು ಮೊಲದ ಮರಿಯನ್ನೋ, ಈಚೆಗೆ ಪಟ್ಟಣಗಳಲ್ಲಿ ಸಾಕಲಾಗುತ್ತಿರುವ ಹ್ಯಾಮ್‌ಸ್ಟರ್ ಎಂಬ ಇಲಿಯಂತಹ ಪ್ರಾಣಿಯನ್ನೋ ಮೇಲಿನಿಂದ ಕೈ ಚಾಚಿ ಹಿಡಿಯಹೋದರೆ, ಅದು ಮೂಲೆಗೆ ಓಡುವುದು, ಇಲ್ಲವೆ ಕಚ್ಚುವುದು. ಮೇಲಿನಿಂದ ಇಳಿದು ಬರುವ ಕೈ ಅದರ ಪಾಲಿಗೆ ಹದ್ದಿನ ಪಂಜ. ಅದೇ ಕೈಯನ್ನು ನೆಲಮಟ್ಟದಲ್ಲಿಟ್ಟು, ಅಂಗೈಯಲ್ಲಿ ಒಂದೆರಡು ಕಾಳುಗಳನ್ನು ಹಾಕಿಕೊಂಡು ಸುಮ್ಮನಿದ್ದರೆ, ಕೆಲವು ದಿನಗಳಲ್ಲಿ ಅದು ತಾನಾಗಿಯೇ ಅಂಗೈಯ ಮೇಲಕ್ಕೆ ಬರುವುದು. ಮುನ್ನೂರು ಕಿಲೋಗ್ರಾಂ ತೂಗುವ ಕಡಸಿನ ವಿಷಯದಲ್ಲಿಯೂ ಉಪಾಯವು ಇದೇ. ಭೇದವೇನೆಂದರೆ, ಮೊಲ ಕಚ್ಚಿದರೆ ಬೆರಳು ನೋಯುವುದು, ಕಡಸು ಒದ್ದರೆ ಮೊಳಕಾಲು ಮುರಿಯುವುದು.

ದನಕ್ಕೆ ನೆನಪು ಚೆನ್ನಾಗಿದೆ. ತನಗೆ ನೋವುಮಾಡಿದ ಸ್ಥಳವನ್ನೂ ಮನುಷ್ಯನನ್ನೂ ಅದು ಬಹುಕಾಲ ಮರೆಯದು. ಒಬ್ಬರನ್ನು ಇನ್ನೊಬ್ಬರಿಂದ ಪ್ರತ್ಯೇಕಿಸಿ ಗುರುತಿಸಬಲ್ಲುದು. ಹಾಗೆ ಗುರುತಿಸುವಾಗ ಉಟ್ಟ ಬಟ್ಟೆಯ ಬಣ್ಣವನ್ನೂ ಗಮನಿಸುವುದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಆದುದರಿಂದ ಕಡಸನ್ನು ಒಗ್ಗಿಸುವವನು ಮೊದಲ ಕೆಲವು ವಾರ ಒಂದೇ ಬಣ್ಣದ ಬಟ್ಟೆಯನ್ನುಟ್ಟು ಕೊಟ್ಟಿಗೆಗೆ ಹೋಗುವುದು ಲೇಸು. ಇದು ನಗುವಂತಹ ಸಲಹೆಯಾಗಿ ತೋರಬಹುದು. ಪರೀಕ್ಷಿಸಿ ನೋಡಿದರೆ ನಗು ನಿಲ್ಲುವುದು.

ಹೆದರಿಕೆಯಿಂದ ಹಾಲಿಗೆ ಆಗುವ ನಷ್ಟವನ್ನು ಯಜಮಾನರು ಮುಖ್ಯವಾಗಿ ಗಮನಿಸಬೇಕು. ಕೆಚ್ಚಲನ್ನು ತೊಳೆದು ಸವರಿದಾಗಲೂ, ಕರುವು ಬಾಯಿ ಹಾಕಿದಾಗಲೂ, ಆ ಸ್ಪರ್ಶದ ಸುದ್ದಿಯು ನರಗಳ ಮೂಲಕ ಮಿದುಳನ್ನು ಸೇರಿ, ಅದರ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ರಸವು ರಕ್ತಕ್ಕೆ ಇಳಿಯುವುದು. ಸುಮಾರು ಒಂದು ನಿಮಿಷದಲ್ಲಿ ಆ ರಸವು ಕೆಚ್ಚಲನ್ನು ತಲುಪಿ, ಹಾಲಿನ ಸಣ್ಣ ಚೀಲಗಳ ಸುತ್ತಲಿರುವ ಸ್ನಾಯುಗಳನ್ನು ಬಿಗಿಗೊಳಿಸಿ ಹಾಲನ್ನು ಕೆಳಕ್ಕೆ ತಳ್ಳುವುದು. ಇದನ್ನೇ ನಮ್ಮವರು ಸೊರೆ ಬಿಡುವುದೆಂದು ಕರೆಯುವರು. ಈ ರಸದ ಪ್ರಭಾವವು ಕೆಲವೇ ನಿಮಿಷಗಳು ಮಾತ್ರ ಇರುವುದರಿಂದ ಅಷ್ಟರೊಳಗೆ ಕರೆದು ಮುಗಿಸಬೇಕು. ಹಸುವು ಬೆದರಿದಾಗಲಾದರೋ ಅಡ್ರಿನಲಿನ್ ಎಂಬ ಮತ್ತೊಂದು ರಸವು ರಕ್ತದಲ್ಲಿ ಹರಡಿ ಈ ಕೆಲಸವನ್ನು ತಡೆದುಬಿಡುವುದು. 1941ರಲ್ಲಿ ಅಮೆರಿಕದ ಎಲೈ ಮತ್ತು ಪೀಟರ್ಸನ್ ಎಂಬ ವಿದ್ವಾಂಸರು ಇದನ್ನು ಪ್ರಯೋಗದಿಂದ ತೋರಿಸಿದರು. ಹಸುವಿನ ಬೆನ್ನ ಮೇಲೆ ಬೆಕ್ಕನ್ನು ಕೂರಿಸಿ, ಗಾಳಿ ತುಂಬಿದ ಕಾಗದದ ಚೀಲಗಳನ್ನು ಒಡೆದು ಸದ್ದುಮಾಡಿ ಬೆದರಿಸಿದಾಗ ಹಾಲು ಸರಿಯಾಗಿ ಇಳಿಯಲಿಲ್ಲ. ಬೆದರಿಸದೆ ಅಡ್ರಿನಲಿನ್ನನ್ನೇ ಚುಚ್ಚಿದಾಗಲೂ ಫಲವು ಅದೇ ಆಯಿತು. ಆ ಬೆಕ್ಕಿನ ಕೆಲಸವನ್ನು ನಮ್ಮ ಕೊಟ್ಟಿಗೆಗಳಲ್ಲಿ ಬಾರುಕೋಲು ಮಾಡುತ್ತಿದೆ.

1999ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ಇದಕ್ಕಿಂತಲೂ ಬೋಧಪ್ರದವಾದುದು. ಕೆಲವು ಹಸುಗಳೊಡನೆ ಒಬ್ಬ ಮನುಷ್ಯನು ಮೃದುವಾಗಿಯೂ ಮತ್ತೊಬ್ಬನು ಒರಟಾಗಿಯೂ ನಡೆದುಕೊಳ್ಳುವಂತೆ ಏರ್ಪಡಿಸಿ, ಆಮೇಲೆ ಹಾಲು ಕರೆಯುವ ವೇಳೆಯಲ್ಲಿ ಇಬ್ಬರನ್ನೂ ಸರದಿಯ ಮೇಲೆ ಹತ್ತಿರ ನಿಲ್ಲಿಸಿದರು. ಒರಟು ಮನುಷ್ಯನು ಏನೂ ಮಾಡದೆ ಸುಮ್ಮನೆ ನಿಂತಿದ್ದಾಗ್ಯೂ, ಕರೆದಾದ ಮೇಲೆ ಕೆಚ್ಚಲಿನಲ್ಲಿಯೇ ಉಳಿದ ಹಾಲು ನೂರಕ್ಕೆ 70ರಷ್ಟು ಹೆಚ್ಚಿತು. ಹೀಗೆ ಪ್ರತಿದಿನವೂ ಹಾಲು ಒಳಗೇ ಉಳಿಯುತ್ತ ಬಂದರೆ, ಬೇಡಿಕೆ ತಗ್ಗಿತೆಂದು ಕೆಚ್ಚಲು ತನ್ನ ಉತ್ಪತ್ತಿಯನ್ನೇ ತಗ್ಗಿಸಿಕೊಳ್ಳುವುದು. ಹಸು ‘ಹಾಲು ಕದಿಯುತ್ತದೆ’ ಎಂದು ಹೇಳುವ ಮನೆಗಳಲ್ಲಿ ಮೊದಲು ವಿಚಾರಿಸತಕ್ಕದ್ದು ಕರೆಯುವವನ ಕೈಯನ್ನು.

ಹಾಲು ಕದಿಯುವ ಹಸುವಿಗೆ ಆಕ್ಸಿಟೋಸಿನ್ ಮದ್ದನ್ನೇ ಪ್ರತಿದಿನ ಚುಚ್ಚಿ ಕರೆಯುವ ಕೆಟ್ಟ ರೂಢಿಯು ಕೆಲವು ಕಡೆಗಳಲ್ಲಿ ಹರಡಿದೆ. ಹಾಲು ಹೆಚ್ಚಿಸುವ ಉದ್ದೇಶದಿಂದ ಕರೆಯುವ ಹಸುವಿಗೆ ಅದರ ಆರೋಗ್ಯಕ್ಕೆ ಹಾನಿಕರವಾದ ಚುಚ್ಚುಮದ್ದನ್ನು ಹಾಕುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾನೂನಿನ ಮೇರೆಗೆ ಅಪರಾಧ. ಕಾನೂನಿನ ಮಾತು ಹಾಗಿರಲಿ. ಸೂಜಿ ಹಿಡಿದು ಬರುವವನನ್ನು ಕಂಡರೆ ಹಸುವಿನ ಹೆದರಿಕೆ ದಿನದಿನಕ್ಕೆ ಹೆಚ್ಚುವುದೇ ಹೊರತು ತಗ್ಗದು.

ತಳಿಯ ವಿಷಯದಲ್ಲಿ ಒಂದೆರಡು ಮಾತು. ನಮ್ಮ ದೇಶೀಯ ಗೂಳಿದನಗಳ ಜಾತಿಯು ಸೀಮೆಯ ದನಗಳಿಗಿಂತ ಹೆಚ್ಚು ಚುರುಕು, ಹೆಚ್ಚು ಶಂಕೆಯುಳ್ಳದ್ದು. ಅದರಲ್ಲಿಯೂ ಅಮೃತಮಹಲ್ ದನಗಳು ಕಾವಲುಗಳ ಬಯಲಿನಲ್ಲಿ ಮಂದೆಯಾಗಿ ಬೆಳೆದು ಬಂದವು. ಚಿಕ್ಕದೇವರಾಜ ಒಡೆಯರ (1672–1704) ಕಾಲದ ಬೆಣ್ಣೆಚಾವಡಿಯ ಮಂದೆಗಳೇ ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದುವೆಂಬುದು ಇತಿಹಾಸಪ್ರಸಿದ್ಧ. ಸೈನ್ಯದ ಸಾಮಗ್ರಿಗಳನ್ನು ವೇಗವಾಗಿ ಸಾಗಿಸುವುದಕ್ಕೆ ಬೇಕಾದ ಆ ಚುರುಕುತನವೇ ಅಪರಿಚಿತರನ್ನು ಹತ್ತಿರ ಸೇರಿಸದ ಸ್ವಭಾವಕ್ಕೂ ಮೂಲ. ಹಳ್ಳಿಕಾರ್, ಖಿಲಾರಿ, ಮಲೆನಾಡು ಗಿಡ್ಡ ತಳಿಗಳನ್ನು ಸಾಕತಕ್ಕವರು ಮುಂದೆ ಹೇಳುವ ಅವಧಿಗಳಿಗೆ ಒಂದೆರಡು ವಾರಗಳನ್ನು ಸೇರಿಸಿಕೊಳ್ಳಬೇಕು. ಆದರೆ ಒಮ್ಮೆ ಒಗ್ಗಿದರೆ ಈ ದನಗಳು ಯಜಮಾನನನ್ನು ಹಿಡಿದಷ್ಟು ಸೀಮೆಯ ದನಗಳು ಹಿಡಿಯವು.

ಸುಳಿಯನ್ನು ನೋಡಿ ದನ ಕೊಳ್ಳುವ ಹಿರಿಯರಿಗೆ ಸಂತೋಷವಾಗತಕ್ಕ ಸಂಗತಿಯೊಂದುಂಟು. 1995ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಟೆಂಪಲ್ ಗ್ರಾಂಡಿನ್ ಎಂಬ ವಿದುಷಿಯೂ ಆಕೆಯ ಸಹಚರರೂ ಪರೀಕ್ಷಿಸಿದಾಗ, ಹಣೆಯ ಸುಳಿಯು ಕಣ್ಣುಗಳ ಮಟ್ಟಕ್ಕಿಂತ ಮೇಲಿರುವ ದನಗಳು, ಕೆಳಗಿರುವ ದನಗಳಿಗಿಂತ ಕಟ್ಟಿನಲ್ಲಿ ಹಿಡಿದಾಗ ಹೆಚ್ಚು ಗಾಬರಿಪಟ್ಟುವು. ಸುಳಿಗೂ ಸ್ವಭಾವಕ್ಕೂ ಏನೋ ಸಂಬಂಧವಿರುವುದೆಂದು ಇದರಿಂದ ತೋರುವುದು. ಆದರೆ ಇಂತಹ ಸುಳಿಯ ದನವು ಮನೆ ಹೊಕ್ಕರೆ ಯಜಮಾನನಿಗೆ ಕೇಡು ಎಂಬ ಮಾತಿಗೆ ಇದರಲ್ಲಿ ಯಾವ ಆಧಾರವೂ ದೊರೆಯದು.

ಒಗ್ಗಿಸುವ ಕೆಲಸಕ್ಕೆ ತೊಡಗುವ ಮೊದಲು ಕಡಸಿಗೆ ನೋವೇನಾದರೂ ಇದೆಯೆ ಎಂದು ನೋಡಬೇಕು. ಮೊದಲ ಸಲ ಈಯುವ ಕಡಸಿನ ಕೆಚ್ಚಲು ಬಾತು ಬಿಗಿದುಕೊಂಡು ಮುಟ್ಟಿದರೆ ನೋಯುವುದು ಸಹಜ. ಮೊಲೆತೊಟ್ಟಿನ ಬಿರುಕು, ಕೆಚ್ಚಲುಬಾವು, ಗೊರಸಿನ ಹುಣ್ಣು, ಕೊರಳ ಹಗ್ಗದ ಗಾಯ, ಇವುಗಳಲ್ಲಿ ಯಾವುದಿದ್ದರೂ ದನವು ಒದೆಯುವುದು. ಆಗ ಬೇಕಾದುದು ಚಿಕಿತ್ಸೆ. ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಅದುವರೆಗೆ ಸಾಧುವಾಗಿದ್ದ ಹಸುವು ಒಂದೆರಡು ದಿನಗಳಲ್ಲಿಯೇ ಇದ್ದಕ್ಕಿದ್ದಂತೆ ಬೆದರತೊಡಗಿ, ಗಂಟಲು ಕಟ್ಟಿದ ಧ್ವನಿಯಲ್ಲಿ ಅರಚುತ್ತ, ಜೊಲ್ಲು ಸುರಿಸುತ್ತ, ಮೇವು ನುಂಗಲಾರದೆ ಇದ್ದರೆ ಹುಚ್ಚುನಾಯಿ ಕಡಿದಿರಬಹುದೆಂದು ಶಂಕಿಸಬೇಕು. ಗಂಟಲಿನಲ್ಲಿ ಏನೋ ಸಿಕ್ಕಿದೆಯೆಂದು ಬಾಯೊಳಗೆ ಕೈಹಾಕುವುದು ಪ್ರಾಣಾಪಾಯಕರ. ಅಂತಹ ದನವನ್ನು ಪ್ರತ್ಯೇಕವಾಗಿ ಕಟ್ಟಿ ಪಶುವೈದ್ಯರಿಗೆ ತಿಳಿಸತಕ್ಕದ್ದು. ಅದರ ಜೊಲ್ಲು ತಗುಲಿದವರು ಆ ಭಾಗವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು.

ಈಗ ಕ್ರಮಕ್ಕೆ ಬರೋಣ. ಕಡಸನ್ನು ಹೊಸದಾಗಿ ಕೊಂಡು ತಂದಿದ್ದರೆ, ಮೊದಲ ಎರಡು ಮೂರು ದಿನ ಅದನ್ನು ಮುಟ್ಟಲೇಕೂಡದು. ಲಾರಿಯ ಪ್ರಯಾಣ, ಹೊಸ ಜಾಗ, ಹೊಸ ನೀರು, ಇವುಗಳಿಂದಲೇ ಅದು ಕಂಗೆಟ್ಟಿರುವುದು. ಮನೆಯ ಸಾಧುವಾದ ಹಸುವೊಂದರ ಪಕ್ಕದಲ್ಲಿ, ಜನ ತಿರುಗಾಡುವ ದಾರಿಯಿಂದ ಆಚೆ, ನಾಯಿಗಳು ಬಾರದ ಕಡೆ ಕಟ್ಟಿ, ಮೇವು ನೀರು ಕೊಟ್ಟು ಬಿಡಬೇಕು. ನೆರೆಯ ಹಸುವು ಮನುಷ್ಯನನ್ನು ಕಂಡು ಮೆಲುಕುಹಾಕುತ್ತ ನಿಂತಿರುವುದನ್ನು ನೋಡಿಯೇ ಇದಕ್ಕೂ ಅರ್ಧ ಧೈರ್ಯ ಬರುವುದು. ಹೊಸ ಎತ್ತನ್ನು ಪಳಗಿದ ಎತ್ತಿನ ಜೊತೆಗೆ ಹೂಡುವ ನಮ್ಮ ಹಿರಿಯರ ಪದ್ಧತಿಯ ರಹಸ್ಯವೂ ಇದೇ.

ನಾಲ್ಕನೆಯ ದಿನದಿಂದ ಕೆಲಸ ಆರಂಭ. ಪ್ರತಿಯೊಂದು ದನಕ್ಕೂ ತನ್ನ ಸುತ್ತ ಒಂದು ಎಲ್ಲೆಯಿದೆ. ಮನುಷ್ಯನು ಆ ಎಲ್ಲೆಯ ಹೊರಗಿರುವವರೆಗೆ ಅದು ನೋಡುತ್ತ ನಿಂತಿರುವುದು, ಒಳಗೆ ಕಾಲಿಟ್ಟೊಡನೆ ಸರಿಯುವುದು. ಬಯಲಿನ ದನಕ್ಕೆ ಇದು ಹತ್ತಾರು ಮಾರುಗಳಾಗಬಹುದು. ಕೊಟ್ಟಿಗೆಯ ಕಡಸಿಗೆ ಒಂದೆರಡು ಮಾರು. ಬೆನ್ನ ಹಿಂದಿನಿಂದಲೂ, ನೇರವಾಗಿ ಮುಖದ ಎದುರಿನಿಂದಲೂ ಬರದೆ, ಅದಕ್ಕೆ ಕಾಣುವಂತೆ ಭುಜದ ಕಡೆಯಿಂದ ಓರೆಯಾಗಿ, ಮೆಲುದನಿಯಲ್ಲಿ ಏನಾದರೂ ಮಾತನಾಡುತ್ತ ಬರಬೇಕು. ಕಡಸು ತಲೆಯೆತ್ತಿ ಎರಡು ಕಿವಿಗಳನ್ನೂ ನಮ್ಮ ಕಡೆಗೆ ನಿಮಿರಿಸಿದ ಜಾಗವೇ ಎಲ್ಲೆ. ಅಲ್ಲಿಯೇ ನಿಂತು, ಅದು ಕಾಲು ತೆಗೆಯುವುದಕ್ಕೆ ಮೊದಲೇ ನಾವು ಒಂದು ಹೆಜ್ಜೆ ಹಿಂದಕ್ಕೆ ಸರಿಯಬೇಕು. ಇಡೀ ವಿದ್ಯೆಯ ಗುಟ್ಟು ಈ ಒಂದು ಹೆಜ್ಜೆಯಲ್ಲಿದೆ. ತಾನು ಓಡುವ ಅಗತ್ಯವಿಲ್ಲದೆಯೇ ಮನುಷ್ಯನು ಹಿಂದಕ್ಕೆ ಹೋಗುವನೆಂಬುದು ಕಡಸಿಗೆ ಮನದಟ್ಟಾದರೆ, ಮರುದಿನ ಎಲ್ಲೆಯು ಒಂದು ಗೇಣು ತಗ್ಗಿರುವುದು ಕಾಣಬರುವುದು.

ಇದಾದ ಮೇಲೆ ಗೋದಲಿಯ ಆಚೆ ಬದಿಯಲ್ಲಿ ಕುಳಿತುಕೊಳ್ಳುವ ಕಾರ್ಯಕ್ರಮ. ನಿಂತ ಮನುಷ್ಯನಿಗಿಂತ ಕುಳಿತ ಮನುಷ್ಯನಿಗೆ ದನವು ಕಡಮೆ ಹೆದರುವುದು. ನಡುವೆ ಗೋದಲಿಯಿರುವುದರಿಂದ ಹಾಯುವ ಭಯ ನಮಗೂ ಇಲ್ಲ. ಬಯಲುಸೀಮೆಯ ಒಂದು ಹಳ್ಳಿಯಲ್ಲಿ, ಮೂವರು ಗಂಡಸರು ಹಗ್ಗ ಹಿಡಿದು ಜಗ್ಗಾಡಿದರೂ ಕೈಗೆ ಬಾರದಿದ್ದ ಮಿಶ್ರತಳಿಯ ಕಡಸೊಂದನ್ನು ಆ ಮನೆಯ ಸೊಸೆಯು ಒಗ್ಗಿಸಿದುದನ್ನು ನಾವು ಸ್ವತಃ ನೋಡಿದ್ದೇವೆ. ಆಕೆ ಮಾಡಿದುದಿಷ್ಟೆ: ಅವರೆಯ ಕಾಲವಾದುದರಿಂದ ಪ್ರತಿದಿನ ಸಂಜೆ ಮೊರ ತೆಗೆದುಕೊಂಡು ಹೋಗಿ ಗೋದಲಿಯ ಬಳಿ ಕುಳಿತು ಅವರೆಕಾಯಿ ಸುಲಿಯುವುದು, ಸಿಪ್ಪೆಯನ್ನು ಗೋದಲಿಗೆ ಹಾಕುವುದು, ಕಡಸಿನ ಕಡೆಗೆ ತಿರುಗಿಯೂ ನೋಡದಿರುವುದು. ಮೊದಲ ಎರಡು ದಿನ ಕಡಸು ಆಕೆ ಎದ್ದುಹೋದ ಮೇಲೆ ಸಿಪ್ಪೆ ತಿಂದಿತು; ಮೂರನೆಯ ದಿನ ಆಕೆ ಇದ್ದಾಗಲೇ ತಿಂದಿತು; ವಾರ ಕಳೆಯುವಷ್ಟರಲ್ಲಿ ಕತ್ತು ನೀಡಿ ಆಕೆಯ ಸೆರಗನ್ನು ಮೂಸಿತು. ಕಣ್ಣಿಟ್ಟು ದಿಟ್ಟಿಸುವುದು ಹುಲಿಯ ಕೆಲಸವೆಂಬುದನ್ನು ಆ ಹೆಣ್ಣುಮಗಳಿಗೆ ಯಾವ ಕಾಲೇಜಿನಲ್ಲಿಯೂ ಯಾರೂ ಕಲಿಸಿರಲಿಲ್ಲ.

ಕತ್ತು ನೀಡಿ ಮೂಸುವಷ್ಟಾದ ಮೇಲೆ ಅಂಗೈಯಲ್ಲಿ ತಿನಿಸು ಕೊಡಬಹುದು. ನೆನೆಸಿದ ಹಿಂಡಿಗೆ ಚೂರು ಬೆಲ್ಲ ಬೆರೆಸಿ ಒಂದು ಹಿಡಿಯಷ್ಟು ಕೊಟ್ಟರೆ ಸಾಕು. ಪ್ರೀತಿಯಿಂದ ಬಕೀಟಿನಷ್ಟು ಕಾಳು ತಿನ್ನಿಸಿದರೆ ಹೊಟ್ಟೆ ಹುಳಿತು ಅಜೀರ್ಣವಾಗಿ ಪ್ರಾಣಕ್ಕೇ ಸಂಚಕಾರ ಬರುವುದು.

ಮೊದಲ ಸ್ಪರ್ಶವು ಎಲ್ಲಿ ಆಗಬೇಕೆಂಬುದು ಮುಖ್ಯ. ಹಣೆಯ ಮೇಲೆಯೂ ಕೊಂಬಿನ ಬುಡದಲ್ಲಿಯೂ ಕೈಯಿಡುವುದು ದನಗಳ ಭಾಷೆಯಲ್ಲಿ ಜಗಳಕ್ಕೆ ಕರೆದಂತೆ. ಹಸುಗಳು ಒಂದನ್ನೊಂದು ನೆಕ್ಕಿ ಸ್ನೇಹ ತೋರಿಸುವುದು ಹೆಚ್ಚಾಗಿ ತಲೆ ಮತ್ತು ಕತ್ತಿನ ಕಡೆಗಳಲ್ಲಿ. ಹಾಗೆ ನೆಕ್ಕಿಸಿಕೊಳ್ಳುವ ಜಾಗಗಳನ್ನು, ಅದರಲ್ಲಿಯೂ ಕತ್ತಿನ ಕೆಳಭಾಗವನ್ನು ಮನುಷ್ಯನು ಸವರಿದಾಗ ಹಸುಗಳು ಕತ್ತು ಚಾಚಿ, ಕಿವಿ ಜೋಲಿಸಿ ಸುಖಪಡುವುವೆಂದು ಆಸ್ಟ್ರಿಯದಲ್ಲಿ ನಡೆದ ಪರಿಶೀಲನೆಗಳಿಂದ ಕಂಡುಬಂದಿದೆ. ಗಂಗೆದೊಗಲನ್ನು ತುರಿಸಿ ಎತ್ತನ್ನು ಒಲಿಸಿಕೊಳ್ಳುವ ನಮ್ಮ ರೈತರಿಗೆ ಇದು ಹೊಸ ಸುದ್ದಿಯೇನೂ ಅಲ್ಲ. ಕೈಯನ್ನು ಕೆಳಗಿನಿಂದ ತಂದು, ಅಂಗೈಯನ್ನು ಪೂರ್ತಿಯಾಗಿ ಒತ್ತಿ ಸವರಬೇಕು. ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದರೆ ನೊಣ ಕುಳಿತಂತಾಗಿ ಚರ್ಮ ಕುಣಿಸುವುದು.

ಕೈಯನ್ನು ಯಾವಾಗ ತೆಗೆಯಬೇಕೆಂಬುದರಲ್ಲಿ ಬಹಳ ಜನ ತಪ್ಪುವರು. ಕಡಸು ಜಿಗಿದೊಡನೆ ಕೈ ತೆಗೆದರೆ, ಜಿಗಿದರೆ ಕೈ ಹೋಗುವುದೆಂಬ ಪಾಠವನ್ನೇ ಅದು ಕಲಿಯುವುದು. ಸಾಧ್ಯವಾದ ಮಟ್ಟಿಗೆ ಕೈಯನ್ನು ಹಾಗೆಯೇ ಹಗುರವಾಗಿ ಇಟ್ಟುಕೊಂಡು, ಅದು ಒಂದು ಉಸಿರಿನಷ್ಟು ಕಾಲವಾದರೂ ಸ್ಥಿರವಾಗಿ ನಿಂತಾಗ ತೆಗೆಯಬೇಕು. ನಿಂತರೆ ಕೈ ಹೋಗುವುದು ಎಂಬುದು ತಿಳಿದ ಕಡಸು ನಿಲ್ಲುವುದನ್ನು ಕಲಿಯುವುದು. ಕತ್ತಿನಿಂದ ಭುಜಕ್ಕೆ, ಭುಜದಿಂದ ಬೆನ್ನಿಗೆ, ಬೆನ್ನಿನಿಂದ ಹೊಟ್ಟೆಯ ಮಗ್ಗುಲಿಗೆ, ತೊಡೆಗೆ, ಹೀಗೆ ಎರಡು ದಿನಕ್ಕೊಂದು ಜಾಗದಂತೆ ಮುಂದುವರಿಯಬೇಕು. ಒಂದು ಜಾಗದಲ್ಲಿ ಬೆಚ್ಚಿದರೆ ಹಿಂದಿನ ಜಾಗಕ್ಕೆ ಬಂದು ಅಲ್ಲಿ ಮುಗಿಸಿ ಎದ್ದುಹೋಗಬೇಕು. ತೆಂಗಿನ ನಾರಿನಿಂದ ಮೈತಿಕ್ಕುವುದು, ಉಣ್ಣೆಗಳನ್ನು ಕಿತ್ತುಹಾಕುವುದು, ಇವನ್ನೂ ಇದೇ ವೇಳೆಯಲ್ಲಿ ಮಾಡಿದರೆ ಒಂದೇ ಕೆಲಸದಿಂದ ಎರಡು ಫಲ.

ಗಬ್ಬದ ಕಡಸಿಗೆ ಈ ಅಭ್ಯಾಸವನ್ನು ಈಯುವುದಕ್ಕೆ ಎರಡು ತಿಂಗಳು ಮುಂಚಿತವಾಗಿ ಆರಂಭಿಸಿ, ಕೊನೆಯ ತಿಂಗಳಲ್ಲಿ ಕೆಚ್ಚಲಿನವರೆಗೆ ಕೈ ತಲುಪುವಂತೆ ನೋಡಿಕೊಳ್ಳಬೇಕು. ಕೆಚ್ಚಲನ್ನೂ ತೊಟ್ಟುಗಳನ್ನೂ ಅಂಗೈಯಿಂದ ಸವರಬಹುದು, ಒದ್ದೆ ಬಟ್ಟೆಯಿಂದ ಒರೆಸಬಹುದು. ಆದರೆ ಹಿಂಡಿ ನೋಡಕೂಡದು. ತೊಟ್ಟಿನ ತುದಿಯಲ್ಲಿ ಪ್ರಕೃತಿಯು ಬಿರಡೆಯನ್ನು ಹಾಕಿರುವುದು. ಅದನ್ನು ಕಿತ್ತರೆ ರೋಗಾಣುಗಳು ಒಳಹೊಕ್ಕು ಕೆಚ್ಚಲುಬಾವು ಬರಬಹುದು. ಈಯುವ ವೇಳೆಯಲ್ಲಿ, ಒಗ್ಗಿಸಿದ ಮನುಷ್ಯನೇ ಹತ್ತಿರದಲ್ಲಿದ್ದು ಸಮಾಧಾನಪಡಿಸಿದರೆ, ಮುಂದೆ ಕರೆಯುವಾಗ ಅದು ಕಡಮೆ ಕಾಲಾಡಿಸುವುದು. ಆದರೆ ಮಾಸನ್ನು ಬರಿಗೈಯಿಂದ ಮುಟ್ಟಬಾರದು. ಕಂದುಹಾಕಿಸುವ ಬ್ರೂಸೆಲ್ಲೋಸಿಸ್ ರೋಗವು ಅದರ ಮೂಲಕ ಮನುಷ್ಯರಿಗೂ ಅಂಟುವುದು.

ಕರೆಯುವ ಕ್ರಮವನ್ನು ಎಲ್ಲರೂ ಬಲ್ಲರಾದುದರಿಂದ ವಿಸ್ತರಿಸುವುದಿಲ್ಲ.ದಿನವೂ ಅದೇ ಜಾಗ, ಅದೇ ವೇಳೆ, ಅದೇ ಕೈ, ಕರು ಕಣ್ಣೆದುರಿಗಿರಲಿ, ಹೆಬ್ಬೆರಳನ್ನು ಮಡಿಸಿ ತೊಟ್ಟನ್ನು ಜಗ್ಗುವ ಅಭ್ಯಾಸ ಬೇಡ, ಅದು ನೋಯಿಸುವುದು. ಮೊದಲ ವಾರದಲ್ಲಿ ಒಂದೆರಡು ಒದೆತಗಳು ಬಿದ್ದರೂ ತಿರುಗಿ ಹೊಡೆಯದಿರುವವನು ಗೆಲ್ಲುವನು.

ಇಷ್ಟು ಶ್ರಮವೂ ಬೇಡವೆನ್ನುವವರು ಎಳಗರುವಿನಿಂದಲೇ ಆರಂಭಿಸಬೇಕು. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ದಿನಕ್ಕೆ ಐದು ನಿಮಿಷ ಕತ್ತು ಸವರಿ, ಕಾಲೆತ್ತಿ, ಕಿವಿ ಮುಟ್ಟಿ ಬೆಳೆಸಿದ ಹೆಣ್ಣುಗರುವಿಗೆ ಮುಂದೆ ಒಗ್ಗಿಸುವ ಪ್ರಮೇಯವೇ ಬಾರದು. ಹೋರಿಗರುವಿನ ವಿಷಯದಲ್ಲಿ ಮಾತ್ರ ಒಂದು ನಿಷೇಧ: ಮಕ್ಕಳು ಅದರ ಹಣೆಗೆ ಕೈಯೊತ್ತಿ ಹಾಯಿಸುತ್ತ ಆಟವಾಡಲು ಬಿಡಕೂಡದು. ಎರಡು ತಿಂಗಳ ಕರುವಿನ ಆಟವೇ ಮೂರು ವರ್ಷದ ಹೋರಿಯ ಇರಿತವಾಗುವುದು.

ಮೂಗುದಾರ ಹಾಕುವ ದಿನ, ಕೊಂಬು ಸುಡಿಸುವ ದಿನ, ಚುಚ್ಚುಮದ್ದಿನ ದಿನ, ಇವು ನೋವಿನ ದಿನಗಳು, ತಪ್ಪಿಸುವಂತಿಲ್ಲ. ಆ ದಿನ ಮೇವು ಹಾಕುವವನು ಹಿಡಿಯುವವನಾಗಬಾರದು. ಗೋದಲಿಯ ಬಳಿ ಆ ಕೆಲಸ ನಡೆಯಬಾರದು. ಹಿಡಿಯುವವರು ಬೇರೆಯವರಾಗಿ, ಜಾಗವೂ ಬೇರೆಯಾಗಿದ್ದು, ಕೆಲಸ ಮುಗಿದೊಡನೆ ಮೇವು ಹಾಕುವವನು ಬಂದು ಹಿಡಿ ಹಿಂಡಿ ಕೊಟ್ಟು ಕರೆದುಕೊಂಡುಹೋದರೆ ವಾರಗಳ ಶ್ರಮ ನೀರಿನಲ್ಲಿ ಹೋಗುವುದಿಲ್ಲ. ಮೂಗಿನ ಗಾಯ ಮಾಯುವವರೆಗೆ ದಾರವನ್ನು ಹಿಡಿದು ಎಳೆಯಕೂಡದೆಂದು ಬೇರೆ ಹೇಳಬೇಕಾಗಿಲ್ಲ.

ಗ್ರಾಮದ ಮುಖಂಡರಿಗೆ ಈ ವಿಷಯದಲ್ಲಿ ಪ್ರತ್ಯೇಕವಾದ ಜವಾಬ್ದಾರಿಯುಂಟು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದ ಮೇರೆಗೆ ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆಯೂ, ಬ್ರೂಸೆಲ್ಲೋಸಿಸ್ ರೋಗಕ್ಕೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಒಮ್ಮೆಯೂ ಲಸಿಕೆ ಹಾಕತಕ್ಕದ್ದೆಂದು ಗೊತ್ತಾಗಿದೆ. ದನದ ಕಿವಿಗೆ 12 ಅಂಕೆಗಳ ಓಲೆಯನ್ನೂ ಹಾಕುವರು. ಲಸಿಕೆಯವರು ಬಂದ ದಿನ ಯಾವ ದನ ಕೈಗೆ ಸಿಕ್ಕುವುದಿಲ್ಲವೋ ಅದೇ ಲಸಿಕೆಯಿಲ್ಲದೆ ಉಳಿಯುವುದು. ಹಗ್ಗ ಕಿತ್ತುಕೊಂಡು ಹೊಲದ ಕಡೆಗೆ ಓಡಿದ ಒಂದು ಕಡಸನ್ನು ‘ಇರಲಿ ಬಿಡಿ, ಮುಂದಿನ ಸಲ ನೋಡೋಣ’ ಎಂದು ಬಿಟ್ಟುಬಿಡುವರು. ಮುಂದಿನ ಸಲವೂ ಅದು ಓಡುವುದು. 2022ರಲ್ಲಿ ಚರ್ಮಗಂಟು ರೋಗವು ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಹರಡಿ ದನಗಳನ್ನು ಕೊಂದುದನ್ನು ಕಂಡವರಿಗೆ, ರೋಗವು ಮೊದಲು ಹುಡುಕಿಕೊಂಡು ಬರುವುದು ಇಂತಹ ದನವನ್ನೇ ಎಂಬುದನ್ನು ವಿವರಿಸಬೇಕಾದುದಿಲ್ಲ.

ಇದಕ್ಕೆ ಸುಲಭವಾದ ಏರ್ಪಾಡೊಂದನ್ನು ಸೂಚಿಸುತ್ತೇವೆ. ಪಶುವೈದ್ಯಶಾಲೆಯ ಮುಂದೆಯೋ ಹಾಲಿನ ಸಂಘದ ಬಳಿಯೋ, ದನವನ್ನು ನಿಲ್ಲಿಸಿ ಮದ್ದು ಹಾಕುವುದಕ್ಕೆಂದು ಕಂಬಗಳ ಕಟ್ಟು ಅನೇಕ ಊರುಗಳಲ್ಲಿದೆ. ದನಗಳು ಅದನ್ನು ನೋಡುವುದು ಸೂಜಿಯ ದಿನದಲ್ಲಿ ಮಾತ್ರ. ಹಾಗಿರುವುದರಿಂದಲೇ ಅದನ್ನು ಕಂಡರೆ ನೆಲಕ್ಕೆ ಕಾಲೂರಿ ನಿಲ್ಲುವುವು. ಲಸಿಕೆಯ ದಿನ ಗೊತ್ತಾದೊಡನೆ, ಅದಕ್ಕೆ ಹದಿನೈದು ದಿನ ಮುಂಚಿತವಾಗಿ, ಮೇಯಲು ಹೋಗುವ ದನಗಳನ್ನು ದಿನಬಿಟ್ಟು ದಿನ ಆ ಕಟ್ಟಿನೊಳಗಿಂದ ಹಾಯಿಸಿ, ಆಚೆ ಬದಿಯಲ್ಲಿ ಒಂದೊಂದು ಹಿಡಿ ಬೂಸಾ ಕೊಡುವಂತೆ ಮಾಡಬೇಕು. ಊರಿನ ಸಾಧು ಹಸುಗಳು ಮುಂದೆ, ಬೆದರುವ ಕಡಸುಗಳು ಅವುಗಳ ನಡುವೆ ಇರಬೇಕು. ಯಾವುದೂ ಒಂಟಿಯಾಗಿ ಉಳಿಯಬಾರದು. ಕಟ್ಟಿನ ಕಬ್ಬಿಣದ ಸರಳುಗಳಿಗೆ ಹಳೆಯ ಗೋಣಿಯನ್ನು ಸುತ್ತಿದರೆ ಸದ್ದು ಅಡಗುವುದು. ಬೆಳಗಿನ ಎಳೆಬಿಸಿಲು ಅಡ್ಡಲಾಗಿ ಬೀಳುವ ಕಡೆಯಾದರೆ ನೆರಳಿನ ಪಟ್ಟೆಗಳಿಗೆ ದನಗಳು ಹೆದರುವುವು. ಹೊತ್ತೇರಿದ ಮೇಲೆ ಹಾಯಿಸಬೇಕು. ನಾಯಿಗಳನ್ನೂ ಕೋಲು ಹಿಡಿದ ಹುಡುಗರನ್ನೂ ಅಂದು ದೂರವಿರಿಸಿ, ಲಸಿಕೆ ಮುಗಿದ ದನವನ್ನು ಬಾಲ ತಿರುಚಿ ಅಟ್ಟದೆ, ಮುಂದಿನ ಅಡ್ಡಗಂಬವನ್ನು ತೆಗೆದು ಅದು ತಾನಾಗಿಯೇ ನಡೆದು ಹೊರಬರುವವರೆಗೆ ಕಾಯತಕ್ಕದ್ದು.